ಹಿಲ್ಡೆ ಮಾಂಗೋಲ್ಡ್

ಕ್ರಿ. ಶ. 945ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ನಮ್ಮ ಸಾಲೋಟಗಿಯಲ್ಲಿ ವಿದ್ಯಾಶಾಲೆಯನ್ನು ಕಟ್ಟಿಸಿದನೆಂದೂ, ದೂರದ ನಾಡುಗಳ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರೆಂದೂ ಶಾಸನದಿಂದ ತಿಳಿದುಬರುತ್ತದೆ. ಅವರಂತೆಯೇ ವಿದ್ಯೆಗಾಗಿ ಊರಿಂದೂರಿಗೆ ಹೋದ ಒಬ್ಬ ಜರ್ಮನ್ ತರುಣಿಯ ಚರಿತ್ರೆಯನ್ನು ನಮ್ಮ ಪೂರ್ವವಿದ್ಯಾರ್ಥಿನಿಯರಿಗೂ ತಾಯ್ತಂದೆಗಳಿಗೂ ಇಲ್ಲಿ ಅರಿಕೆ ಮಾಡುತ್ತೇನೆ.

ಹಿಲ್ಡೆಯು 1898ನೆಯ ಇಸವಿ ಅಕ್ಟೋಬರ್ 20ರಂದು ಗೋಥಾ ನಗರದಲ್ಲಿ ಜನಿಸಿದಳು. ಯೇನಾ, ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯಗಳಲ್ಲಿ ಓದಿ, 1920ರಲ್ಲಿ ಫ್ರೈಬುರ್ಗಿಗೆ ಹೋಗಿ ಹಾನ್ಸ್ ಷ್ಪೇಮಾನ್ ಎಂಬ ಪ್ರಾಧ್ಯಾಪಕರ ಶಿಷ್ಯೆಯಾದಳು. ಹೈಡ್ರಾ ಎಂಬ ಸಣ್ಣ ಜಲಜೀವಿಯ ಒಳಮೈಯನ್ನು ಹೊರಕ್ಕೆ ಮಗುಚುವುದು ಆಕೆಗೆ ದೊರೆತ ಮೊದಲನೆಯ ಕೆಲಸ. ಅದು ಕೈಗೂಡಲಿಲ್ಲ. ಆಗ ಗುರುಗಳು ಬೇರೊಂದು ಕೆಲಸವನ್ನು ಕೊಟ್ಟರು.

ಕಪ್ಪೆಯ ಬಂಧುವಾದ, ಬಾಲವುಳ್ಳ ನ್ಯೂಟ್ ಎಂಬ ಪ್ರಾಣಿಯ ಭ್ರೂಣವು ಸಾಸಿವೆಕಾಳಿನಷ್ಟು ಚಿಕ್ಕದು. ಹಿಲ್ಡೆಯು ಗಾಜಿನ ಸೂಜಿ, ಕೂದಲಿನ ಕುಣಿಕೆಗಳಿಂದ, ತಿಳಿಬಣ್ಣದ ಭ್ರೂಣವೊಂದರ ಬೆನ್ನುಭಾಗದ ಒಂದು ಚೂರನ್ನು ತೆಗೆದು, ಕಂದುಬಣ್ಣದ ಬೇರೆ ಜಾತಿಯ ಭ್ರೂಣದ ಹೊಟ್ಟೆಯ ಕಡೆಗೆ ಕಸಿ ಕಟ್ಟಿದಳು. ಬಹುಪಾಲು ಭ್ರೂಣಗಳು ಸತ್ತವು. ಬದುಕಿದ ಕೆಲವುಗಳಲ್ಲಿ ಒಂದೇ ಮೈಗೆ ಎರಡನೆಯ ಬೆನ್ನುಹುರಿಯು ಬೆಳೆಯಿತು. ಮಾವಿನ ಕಸಿಯಲ್ಲಿ ಕೊಂಬೆಯು ತನ್ನ ಹಣ್ಣನ್ನು ಮಾತ್ರ ಬಿಡುವುದು, ಇಲ್ಲಿ ಹಾಗಾಗಲಿಲ್ಲ. ಹೊಸ ಬೆನ್ನುಹುರಿಯ ಜೀವಕೋಶಗಳು ಹೆಚ್ಚಾಗಿ ಕಂದುಬಣ್ಣದವೇ ಆಗಿದ್ದವು. ಎಂದರೆ, ಚರ್ಮವಾಗಬೇಕಾಗಿದ್ದ ನೆರೆಯ ಕೋಶಗಳು ಕಸಿಯ ಪ್ರೇರಣೆಯಿಂದ ನರವಾಗಿ ಮಾರ್ಪಟ್ಟಿದ್ದವು.

ಆ ಪ್ರೇರಣೆಯ ಗುಟ್ಟು 1990ರ ದಶಕದಲ್ಲಿ ಕಪ್ಪೆಯ ಭ್ರೂಣದಿಂದ ಬಯಲಾಯಿತು. ಅದೇ ಭಾಗದ ಕೋಶಗಳೊಳಗೆ ನಾಗಿನ್, ಕಾರ್ಡಿನ್ ಎಂಬ ಪ್ರೋಟೀನುಗಳು ಹುಟ್ಟಿ ಹೊರಗೆ ಹರಡುತ್ತವೆ. ನೆರೆಯ ಕೋಶಗಳನ್ನು ಚರ್ಮವಾಗಿಸುವ ಬೇರೊಂದು ಪ್ರೋಟೀನನ್ನು ಹಿಡಿದು ತಡೆಯುತ್ತವೆ. ತಡೆದಲ್ಲಿ ನರವು ರೂಪುಗೊಳ್ಳುತ್ತದೆ.

ಹಿಲ್ಡೆಯು 1921ರಲ್ಲಿ ಗುರುಗಳ ಸಹಾಯಕರಾಗಿದ್ದ ಓಟೋ ಮಾಂಗೋಲ್ಡರನ್ನು ವರಿಸಿದಳು. 1923ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಗಂಡುಮಗುವಿನ ತಾಯಿಯಾದಳು. ಮರುವರ್ಷ ಅಡಿಗೆಮನೆಯಲ್ಲಿ ಬೆಂಕಿಯ ಅವಘಡಕ್ಕೆ ಸಿಕ್ಕಿ ಸುಟ್ಟಗಾಯಗಳಿಂದ ಸೆಪ್ಟೆಂಬರ್ 4ರಂದು ತೀರಿಕೊಂಡಳು. ಆಗ ಆಕೆಗೆ 25 ವರ್ಷ. ಪ್ರಬಂಧವು ಅದೇ ವರ್ಷ ಅಚ್ಚಾಯಿತು; ಅದರಲ್ಲಿ ಗುರುವಿನ ಹೆಸರು ಮೊದಲು, ಶಿಷ್ಯೆಯದು ಆಮೇಲೆ. 1935ರಲ್ಲಿ ನೊಬೆಲ್ ಬಹುಮಾನವು ಗುರುಗಳಿಗೆ ಸಂದಿತು. ಆದರೂ ಭ್ರೂಣದ ಆ ಚೂರನ್ನು ವಿದ್ವಾಂಸರು ಇಂದು ಇಬ್ಬರ ಹೆಸರಿನಿಂದಲೂ ಕರೆಯುತ್ತಾರೆ.

ತಾಯ್ತಂದೆಗಳೇ, ಮಗಳು ಒಂದು ಪರೀಕ್ಷೆಯಲ್ಲಿ ಸೋತಳೆಂದು ಶಾಲೆಯನ್ನು ಬಿಡಿಸುವ ಮುನ್ನ, ಹಿಲ್ಡೆಗೆ ಒಲಿಯದೆ ಹೋದ ಆ ಹೈಡ್ರಾವನ್ನು ದಯವಿಟ್ಟು ನೆನೆಯಿರಿ.