ಚಂಡಮಾರುತಕ್ಕೆ ಕಾವಲು ಕುಳಿತ ಗುರು



ಬಿರುಗಾಳಿ ಎದ್ದಾಗ ನಾವೆಲ್ಲರೂ ಜಪಸರ ಹಿಡಿಯುತ್ತೇವೆ. ಒಳ್ಳೆಯದೇ. ಆದರೆ ಗಾಳಿ ಏಳುವ ಮುನ್ನ ನಮ್ಮ ಮನೆಯವರಿಗಾಗಿ ಏನು ಮಾಡಿದ್ದೇವೆ? ಫಾದರ್ ಬೆನಿತೊ ವಿನ್ಯೆಸ್ ಅವರ ಜೀವನ ನಮ್ಮ ಮುಂದಿಡುವ ಪ್ರಶ್ನೆ ಇದು.

ಇವರು 1837ರಲ್ಲಿ ಸ್ಪೇನ್ ದೇಶದ ಪೊಬೊಲೆಡಾ ಎಂಬ ಊರಿನಲ್ಲಿ ಹುಟ್ಟಿದರು. ಯೇಸುಸಭೆಯನ್ನು ಸೇರಿ ಗುರುಗಳಾದರು. 1870ರಲ್ಲಿ ಕ್ಯೂಬಾ ದ್ವೀಪದ ಹವಾನಾ ನಗರಕ್ಕೆ ಬಂದು, ಬೆಲೆನ್ ಕಾಲೇಜಿನ ಹವಾಮಾನ ವೀಕ್ಷಣಾಲಯದ ಹೊಣೆ ಹೊತ್ತರು. ಬೆಲೆನ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಬೆತ್ಲೆಹೇಮ್.

ಜೂನ್‌ನಿಂದ ನವೆಂಬರ್ ತನಕ ಆ ದ್ವೀಪಗಳಿಗೆ ಚಂಡಮಾರುತದ ಕಾಲ. ವಿನ್ಯೆಸ್ ಅವರು ದಿನವೂ ವಾಯುಭಾರಮಾಪಕವನ್ನು, ಗಾಳಿಯ ದಿಕ್ಕನ್ನು, ಮೋಡಗಳ ನಡೆಯನ್ನು ಬರೆದಿಟ್ಟರು. ಬಹು ಎತ್ತರದಲ್ಲಿ ಗರಿಯಂತೆ ಹರಡುವ ತೆಳು ಮೋಡಗಳು ದೂರದ ಚಂಡಮಾರುತದ ಸುಳಿವು ಕೊಡುತ್ತವೆಂದು ಕಂಡುಕೊಂಡರು. ಹಡಗುಗಳಿಂದಲೂ ತಂತಿ ಮೂಲಕವೂ ಸುದ್ದಿ ತರಿಸಿದರು. 1875ರ ಸೆಪ್ಟೆಂಬರ್ 11ರಂದು ಅವರ ಮೊದಲ ಎಚ್ಚರಿಕೆ ಹವಾನಾದ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಕೆಲವೇ ದಿನಗಳಲ್ಲಿ ಕ್ಯೂಬಾದ ದಕ್ಷಿಣ ಕರಾವಳಿಗೆ ಚಂಡಮಾರುತ ಅಪ್ಪಳಿಸಿತು. ಮುಂಚಿತವಾಗಿ ತಿಳಿದದ್ದರಿಂದ ಅನೇಕರು ಬದುಕಿಕೊಂಡರು. 1893ರ ಜುಲೈ 23ರಂದು, ಚಂಡಮಾರುತಗಳ ಕುರಿತ ತಮ್ಮ ಕೊನೆಯ ಗ್ರಂಥವನ್ನು ಆಗಷ್ಟೇ ಮುಗಿಸಿ, ಅವರು ಪ್ರಭುವಿನಲ್ಲಿ ವಿಶ್ರಮಿಸಿದರು.

ಏಳು ವರ್ಷಗಳ ಬಳಿಕ, 1900ರಲ್ಲಿ, ಅಮೆರಿಕದ ಹವಾಮಾನ ಇಲಾಖೆ ಕ್ಯೂಬಾದವರ ಮುನ್ಸೂಚನೆಗಳಿಗೆ ಬೆಲೆ ಕೊಡಲಿಲ್ಲ. ಸೆಪ್ಟೆಂಬರ್ 8ರಂದು, ನಾವು ಕನ್ಯಾಮರಿಯಮ್ಮನವರ ಜನನದ ಹಬ್ಬ ಆಚರಿಸುವ ದಿನವೇ, ಗಾಲ್ವೆಸ್ಟನ್ ನಗರದ ಮೇಲೆ ಸಮುದ್ರ ಉಕ್ಕಿ ಬಂತು. ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಸಂತ ಮರಿಯಮ್ಮನವರ ಅನಾಥಾಲಯದ 10 ಮಂದಿ ಕನ್ಯಾಸ್ತ್ರೀಯರೂ 90 ಮಕ್ಕಳೂ ಅವರಲ್ಲಿ ಸೇರಿದ್ದರು. ಆ ತಾಯಂದಿರು ಮಕ್ಕಳನ್ನು ಹಗ್ಗದಿಂದ ತಮ್ಮ ಸೊಂಟಕ್ಕೆ ಕಟ್ಟಿಕೊಂಡಿದ್ದರು. ಅವರಲ್ಲಿ ಭಕ್ತಿಗಾಗಲಿ ಪ್ರೀತಿಗಾಗಲಿ ಕೊರತೆ ಇರಲಿಲ್ಲ. ಕೊರತೆಯಾದದ್ದು ಸಕಾಲದ ಎಚ್ಚರಿಕೆ.

ಇಂದು ಎಚ್ಚರಿಕೆ ನಮ್ಮ ಮನೆ ಬಾಗಿಲಿಗೇ ಬರುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದದ್ದು ನಿಮಗೆ ನೆನಪಿರಬಹುದು. ಸುದ್ದಿ ಕೇಳಿದೊಡನೆ ಕುಡಿಯುವ ನೀರು, ಒಣ ಆಹಾರ, ಔಷಧ, ಟಾರ್ಚ್ ತೆಗೆದಿಡಿ. ಮನೆಯ ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಅಂಗಳದಲ್ಲಿ ಹಾರಿಹೋಗುವ ವಸ್ತುಗಳನ್ನು ಒಳಗೆ ತನ್ನಿ. ಗಾಳಿಗಿಂತ ಹೆಚ್ಚು ಜೀವ ತೆಗೆಯುವುದು ನೀರು. ಕಡಲ ದಡದವರು ಮನೆ ಬಿಡಿ ಎಂದರೆ ವೃದ್ಧರನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಡಿ. ಚಂಡಮಾರುತದ ನಡುವೆ ಗಾಳಿ ಒಮ್ಮೆಲೇ ನಿಂತರೆ ಮುಗಿಯಿತೆಂದು ಹೊರಗೆ ಬರಬೇಡಿ. ಅದು ಸುಳಿಯ ಕಣ್ಣಾಗಿರಬಹುದು; ಅದು ದಾಟಿದ ಮೇಲೆ ಗಾಳಿ ಎದುರು ದಿಕ್ಕಿನಿಂದ ಮತ್ತೆ ಹೊಡೆಯುತ್ತದೆ.

ಹತ್ತು ಕನ್ಯೆಯರ ಸಾಮತಿಯಲ್ಲಿ ಎಲ್ಲರ ಕೈಯಲ್ಲೂ ದೀಪವಿತ್ತು. ಎಣ್ಣೆ ಐವರಲ್ಲಿ ಮಾತ್ರ ಇತ್ತು. ದೇವರಲ್ಲಿ ಭರವಸೆ ಇಡುವವನು ಕೈಕಟ್ಟಿ ಕೂರುವುದಿಲ್ಲ. ಈ ಸಂಜೆ ಕುಟುಂಬದ ಪ್ರಾರ್ಥನೆ ಮುಗಿದ ಮೇಲೆ ಒಮ್ಮೆ ನಿಮ್ಮ ಮಾಡನ್ನು ನೋಡಿ, ಪಕ್ಕದ ಮನೆಯ ಒಂಟಿ ಅಜ್ಜಿಯನ್ನು ಯಾರು ಕರೆತರಬೇಕೆಂದು ಮಾತಾಡಿಕೊಳ್ಳಿ. ಅದೂ ಪ್ರಾರ್ಥನೆಯೇ.