ಹೆಡ್ಲಿ ಟೇಲರ್

ಹೆಡ್ಲಿ ಶಿಪರ್ಡ್ ಟೇಲರ್ (೧೮೮೩–೧೯೫೭) ಆಸ್ಟ್ರೇಲಿಯಾದ ಕೃಷಿಯಂತ್ರ ಸಂಶೋಧಕರು. ಗೋಧಿಯ ತೆನೆಯನ್ನು ಕೊಯ್ದು ಒಕ್ಕುವ ‘ಹೆಡ್ಡರ್’ ಯಂತ್ರವನ್ನೂ, ಮುಂದೆ ತನ್ನದೇ ಎಂಜಿನ್‌ನಿಂದ ಚಲಿಸುವ ‘ಸನ್‌ಷೈನ್ ಆಟೋ ಹೆಡ್ಡರ್’ ಅನ್ನೂ ಇವರು ರೂಪಿಸಿದರು.

ನ್ಯೂ ಸೌತ್ ವೇಲ್ಸ್ ರಾಜ್ಯದ ಹೆಂಟಿ ಪಟ್ಟಣದ ಸುತ್ತಣ ಗೋಧಿ ಪ್ರದೇಶದಲ್ಲಿ, ರೈತ ಕುಟುಂಬವೊಂದರಲ್ಲಿ ಟೇಲರ್ ಬೆಳೆದರು. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟ ಅವರು ಯಂತ್ರವಿದ್ಯೆಯನ್ನು ಬಹುಮಟ್ಟಿಗೆ ಸ್ವಂತವಾಗಿಯೇ ಕಲಿತರು.

ಹೆಡ್ಡರ್

ಆಗ ಬಳಕೆಯಲ್ಲಿದ್ದ ‘ಸ್ಟ್ರಿಪ್ಪರ್’ ಯಂತ್ರಗಳು ಪೈರನ್ನು ಕೊಯ್ಯುತ್ತಿರಲಿಲ್ಲ. ಮುಂಭಾಗದ ಬಾಚಣಿಗೆಯಂಥ ಹಲ್ಲುಗಳ ನಡುವೆ ಸಿಕ್ಕಿದ ತೆನೆಗಳಿಂದ ಕಾಳನ್ನು ಬಡಿದು ಉದುರಿಸುತ್ತಿದ್ದವು. ಪೈರು ಒಣಗಿ ನೆಟ್ಟಗೆ ನಿಂತಿದ್ದರೆ ಇದು ಸಾಕು. ಮಳೆಗಾಳಿಗೆ ನೆಲಕ್ಕೊರಗಿದರೆ ವರ್ಷದ ದುಡಿಮೆ ಹೊಲದಲ್ಲೇ ಉಳಿಯುತ್ತಿತ್ತು. ಟೇಲರ್ ಬಾಚಣಿಗೆಯನ್ನು ಉಳಿಸಿಕೊಂಡು ಅದರ ಹಿಂದೆ ಅತ್ತಿತ್ತ ಸರಿದಾಡುವ ಅಲಗನ್ನು ಜೋಡಿಸಿದರು. ಅಲಗು ಕೊಯ್ದ ತೆನೆಗಳನ್ನು ಸುರುಳಿಯಾಕಾರದ ಸಾಗಣೆ ದಂಡಗಳು ಒಕ್ಕಣೆಯ ಭಾಗಕ್ಕೆ ಒಯ್ಯುತ್ತಿದ್ದವು. ಹುಲ್ಲಿನ ಹೆಚ್ಚಿನ ಪಾಲು ಹೊಲದಲ್ಲೇ ನಿಲ್ಲುತ್ತಿತ್ತು.

೧೯೧೬ರಲ್ಲಿ ಇದರ ಹಕ್ಕನ್ನು ಪ್ರಸಿದ್ಧ ಉದ್ಯಮಿ ಎಚ್. ವಿ. ಮೆಕೇ ಕೊಂಡರು. ಟೇಲರ್ ಮೆಲ್ಬರ್ನ್ ಸಮೀಪದ ಸನ್‌ಷೈನ್‌ನಲ್ಲಿದ್ದ ಮೆಕೇ ಕಾರ್ಖಾನೆಗೆ ಬಂದು ಹೆಡ್ಡರ್ ತಯಾರಿಕೆಯ ಉಸ್ತುವಾರಿ ವಹಿಸಿದರು. ೧೯೨೦ರ ಸುಗ್ಗಿಯಲ್ಲಿ ಬಿರುಗಾಳಿಗೆ ಅಪಾರ ಗೋಧಿ ನೆಲಕಚ್ಚಿದಾಗ, ಒರಗಿದ ಪೈರನ್ನೆತ್ತುವ ಸಾಧನ ತೊಡಿಸಿದ ಹೆಡ್ಡರ್‌ಗಳು ಬಹಳಷ್ಟು ಬೆಳೆಯನ್ನು ಉಳಿಸಿದವು. ಯಂತ್ರಕ್ಕೆ ನಿಜವಾದ ಬೇಡಿಕೆ ತಂದುದು ಜಾಹೀರಾತಿಗಿಂತ ಈ ಸುಗ್ಗಿಯೇ ಎನ್ನಬಹುದು.

ಆಟೋ ಹೆಡ್ಡರ್

ಮೊದಲ ಹೆಡ್ಡರ್‌ಗಳನ್ನು ಕುದುರೆಗಳು ಎಳೆಯುತ್ತಿದ್ದವು. ಒಳಗಿನ ಭಾಗಗಳು ನೆಲದ ಮೇಲುರುಳುವ ಚಕ್ರದಿಂದಲೇ ತಿರುಗುತ್ತಿದ್ದವು. ಕುದುರೆ ನಿಧಾನಿಸಿದರೆ ಒಕ್ಕಣೆಯೂ ನಿಧಾನಿಸುತ್ತಿತ್ತು. ೧೯೨೪ರ ಆಟೋ ಹೆಡ್ಡರ್‌ನಲ್ಲಿ ಎಂಜಿನ್ ಯಂತ್ರದ ಮೇಲೆಯೇ ಇತ್ತು. ಅಗಲವಾದ ಕೊಯ್ಲಿನ ಭಾಗ ಮುಂದೆ, ಒಕ್ಕಣೆಯ ಭಾಗ ಅದರ ಹಿಂದೆ ನಡುವಿನಲ್ಲಿ. ಹೀಗಾಗಿ ಹೊಲದ ಮೊದಲ ಸುತ್ತಿನಲ್ಲಿ ಪೈರನ್ನು ತುಳಿಯಬೇಕಾಗುತ್ತಿರಲಿಲ್ಲ. ಇಂದಿನ ಕಂಬೈನ್ ಹಾರ್ವೆಸ್ಟರ್‌ಗಳ ಮೂಲ ವಿನ್ಯಾಸವೂ ಇದೇ.

ತಾನೇ ಚಲಿಸುವ ಕಟಾವು ಯಂತ್ರಗಳಲ್ಲಿ ಇದೇ ಮೊದಲನೆಯದೆಂಬ ಮಾತು ಸರಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ಜಾರ್ಜ್ ಬೆರ್ರಿ ೧೮೮೬ರಷ್ಟು ಹಿಂದೆಯೇ ಉಗಿಶಕ್ತಿಯಿಂದ ಓಡುವ ಯಂತ್ರವನ್ನು ನಿರ್ಮಿಸಿದ್ದರು. ಮ್ಯಾಸ್ಸಿ-ಹ್ಯಾರಿಸ್ ಸಂಸ್ಥೆಗಾಗಿ ೧೯೩೦ರ ದಶಕದ ಕೊನೆಯಲ್ಲಿ ಇಂಥ ಯಂತ್ರವನ್ನು ರೂಪಿಸಿದ ಟಾಮ್ ಕ್ಯಾರೊಲ್ ಕೂಡ ಆಸ್ಟ್ರೇಲಿಯಾದವರೇ.

ಹಳೆಯ ಹೆಡ್ಡರ್‌ಗಳ ಮೇಲೆ ಕಾಣುವ ಹೆಸರು ‘ಸನ್‌ಷೈನ್’, ಟೇಲರ್ ಅಲ್ಲ. ಅವರ ಹೆಸರು ಉಳಿದಿರುವುದು ಹೆಂಟಿಯಲ್ಲಿರುವ ಹೆಡ್ಡರ್ ವಸ್ತುಸಂಗ್ರಹಾಲಯದಲ್ಲಿ.