ಅನ್ಯರ ಮನೆಯಲ್ಲಿ ಓದಿದ ವಿಶ್ವೇಶ್ವರಯ್ಯನವರು

ನಾನು ಚಿಕ್ಕಬಳ್ಳಾಪುರದ ಕಡೆಯ ಹಳ್ಳಿಯಿಂದ ಓದಲು ಬಂದವನು. ಚಾಮರಾಜಪೇಟೆಯಲ್ಲಿ ನಮ್ಮ ತಂದೆಯವರ ಪರಿಚಯಸ್ಥರೊಬ್ಬರ ಮನೆಯಲ್ಲಿದ್ದೇನೆ. ಊಟಕ್ಕೂ ಕೋಣೆಗೂ ಹಣ ಕೊಡಬೇಕಾಗಿಲ್ಲ. ಬದಲಾಗಿ ಸಂಜೆ ಅವರ ಇಬ್ಬರು ಮಕ್ಕಳಿಗೆ ಪಾಠ ಹೇಳಿಕೊಡಬೇಕು. ಮನೆಯವರೆಲ್ಲ ಬಹಳ ಒಳ್ಳೆಯವರು. ಆದರೂ ಮೊದಲನೆಯ ವರ್ಷ ಎರಡನೆಯ ಸಲ ಅನ್ನ ಬಡಿಸಿಕೊಳ್ಳಲು ನನಗೆ ಸಂಕೋಚವಾಗುತ್ತಿತ್ತು. ಎಲ್ಲಿರುವೆಯೆಂದು ಸಹಪಾಠಿಗಳು ಕೇಳಿದರೆ ನೆಂಟರ ಮನೆಯೆಂದು ಸುಳ್ಳು ಹೇಳುತ್ತಿದ್ದೆ. ಆ ಸುಳ್ಳನ್ನು ಬಿಡಿಸಿದ್ದು ನಮ್ಮ ಸೀಮೆಯವರೇ ಆದ ಮಹನೀಯರೊಬ್ಬರ ಜೀವನಚರಿತ್ರೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಹುಡುಗನ ವಿದ್ಯಾಭ್ಯಾಸವು ಮುಗಿಯುವ ಮೊದಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರ ಆಸರೆಯೊಂದು ಇತ್ತು. ಆದರೆ ಕಾಲೇಜಿನ ಖರ್ಚಿಗೆ ಅದು ಸಾಲದು. ಆದುದರಿಂದ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರು ಕೊಡಗಿನ ಕುಟುಂಬವೊಂದರ ಮನೆಯಲ್ಲಿದ್ದುಕೊಂಡು ಅಲ್ಲಿಯ ಮಕ್ಕಳಿಗೆ ಮನೆಪಾಠ ಹೇಳಿದರು. ಕೊಡಗು ಆಗ ಮೈಸೂರು ಸಂಸ್ಥಾನಕ್ಕೆ ಹೊರಗಾದ ಪ್ರಾಂತ. ನುಡಿ ಬೇರೆ, ನಡೆ ಬೇರೆ. ವೈದಿಕ ಮನೆತನದ ಬಡ ಹುಡುಗನಿಗೆ ಊರಿನೊಳಗೇ ಅದೊಂದು ಪರದೇಶವೆಂದರೂ ಸರಿಯೇ. ಆ ಮನೆಯಲ್ಲಿದ್ದು ಓದಿದವರು 1881ರಲ್ಲಿ ಬಿ.ಎ. ಪದವೀಧರರಾದರು.

ಅದೇ ವರ್ಷ ಸಂಸ್ಥಾನವು ಒಡೆಯರಿಗೆ ಮರಳಿತು. ರಂಗಾಚಾರ್ಲು ಅವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು, ವಿಶ್ವೇಶ್ವರಯ್ಯನವರು ಪುಣೆಯ ಸೈನ್ಸ್ ಕಾಲೇಜಿಗೆ ಹೊರಟರು. ಎಂಜಿನಿಯರಿಂಗ್ ಕಲಿಯಬೇಕಾದರೆ ಮೈಸೂರಿನ ಹುಡುಗನು ಅಂದು ಸಂಸ್ಥಾನವನ್ನೇ ಬಿಡಬೇಕಾಗಿತ್ತು. ಮರಾಠಿಯ ಆ ನಾಡಿನಲ್ಲಿ ಓದಿ 1883ರ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದರು. 1884ರಲ್ಲಿ ಮುಂಬಯಿ ಸರ್ಕಾರದ ಸಹಾಯಕ ಎಂಜಿನಿಯರರಾದರು. 1898ರಲ್ಲಿ ಜಪಾನಿಗೆ ಹೋಗಿ ಆ ದೇಶದ ವಿದ್ಯೆ, ಕೈಗಾರಿಕೆಗಳನ್ನು ಕಂಡು ಬಂದರು. 1903ರಲ್ಲಿ ಅವರು ರಚಿಸಿದ ಸ್ವಯಂಚಾಲಿತ ತೂಬಿನ ಬಾಗಿಲುಗಳು ಖಡಕ್‌ವಾಸ್ಲಾ ಜಲಾಶಯದಲ್ಲಿ ನೆಲೆಗೊಂಡವು.

1909ರಲ್ಲಿ ಅವರು ಮೈಸೂರಿಗೆ ಮುಖ್ಯ ಎಂಜಿನಿಯರರಾಗಿ ಹಿಂದಿರುಗಿದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿ ಕಟ್ಟೆಯನ್ನು ಎಲ್ಲರೂ ಬಲ್ಲರು. ನನ್ನ ಮನಸ್ಸನ್ನು ಸೆಳೆದದ್ದು ಬೇರೊಂದು. ಅವರ ದಿವಾನಗಿರಿಯಲ್ಲಿ 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಹುಟ್ಟಿದವು. ವಿದ್ಯೆಗಾಗಿ ಪರಸ್ಥಳಕ್ಕೆ ಹೋಗಬೇಕಾಗಿದ್ದವರು, ಮುಂದಿನವರಿಗೆ ಆ ವಿದ್ಯೆಯು ಮನೆಯ ಬಾಗಿಲಲ್ಲೇ ದೊರೆಯುವಂತೆ ಮಾಡಿದರು. ಅನ್ಯರ ಮನೆಯ ಅನ್ನದ ಋಣವು ಆ ಮನೆಗೇ ಹಿಂದಿರುಗಿಸಿ ತೀರುವಂಥದಲ್ಲ; ನಮ್ಮ ಹಿಂದೆ ಬರುವವರಿಗೆ ಕೊಟ್ಟು ತೀರಿಸಬೇಕಾದದ್ದು ಎಂದು ನನಗೆ ಆಗ ಹೊಳೆಯಿತು.

1955ರಲ್ಲಿ ಭಾರತರತ್ನರಾದ ಅವರು 1962ರ ಏಪ್ರಿಲ್‌ನಲ್ಲಿ ನಿಧನರಾದರು. ಅವರ ಸಮಾಧಿ ಇರುವುದು ಮುದ್ದೇನಹಳ್ಳಿಯಲ್ಲಿಯೇ. ಕಳೆದ ರಜೆಯಲ್ಲಿ ನಾನು ಅಲ್ಲಿಗೆ ಹೋಗಿ ಕೈಮುಗಿದು ಬಂದೆ.

ಈಗ ಕಾಲೇಜಿನಿಂದ ಬರುತ್ತ ಚಾಮರಾಜಪೇಟೆಯ ಪರಿಷತ್ತಿನ ಕಟ್ಟಡವನ್ನು ಕಂಡಾಗಲೆಲ್ಲ ಕೊಡಗಿನವರ ಆ ಮನೆಯ ನೆನಪಾಗುತ್ತದೆ. ಎಲ್ಲಿರುವೆಯೆಂದು ಯಾರಾದರೂ ಕೇಳಿದರೆ, ಪಾಠ ಹೇಳಿಕೊಡುವ ಮನೆಯಲ್ಲಿ ಎಂದು ನಿಜವನ್ನೇ ಹೇಳುತ್ತೇನೆ. ಚಿಕ್ಕ ಹುಡುಗನಿಗೆ ಭಿನ್ನರಾಶಿ ಇನ್ನೂ ಹಿಡಿತಕ್ಕೆ ಬಂದಿಲ್ಲ. ಅವನ ಪರೀಕ್ಷೆಯು ಹತ್ತಿರವಾಗಿರುವುದರಿಂದ ಈಗ ಅರ್ಧ ಗಂಟೆ ಹೆಚ್ಚಾಗಿಯೇ ಅವನೊಡನೆ ಕುಳಿತುಕೊಳ್ಳುತ್ತೇನೆ.